ಶಕ 797ರ ಕಗ್ಗಂಟು: ಸವದತ್ತಿ ಸೀಮೆಯ ಶಾಸನಗಳ ಮೇಲೆ ಮಹಾಪ್ರಬಂಧ ಬರೆಯುವವರಿಗೆ ಪೂರ್ವಾಧ್ಯಯನ ಸಮೀಕ್ಷೆಯ ಪಾಠ

‘ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲೂಕುಗಳ ಶಾಸನಗಳು: ಒಂದು ಸಾಂಸ್ಕೃತಿಕ ಅಧ್ಯಯನ.’ ಇಂಥ ಒಂದು ವಿಷಯ ಹಿಡಿದು ಪಿಎಚ್.ಡಿ.ಗೆ ನೋಂದಣಿ ಮಾಡಿಸಿದವರು ಮೊದಲು ಎಡವುವುದು ಕಲ್ಲಿನ ಮುಂದೆ ಅಲ್ಲ, ಎರಡನೆಯ ಅಧ್ಯಾಯದಲ್ಲಿ. ‘ಪೂರ್ವ ಅಧ್ಯಯನಗಳ ಸಮೀಕ್ಷೆ’ ಅಂತ ಅದರ ಹೆಸರು. ಸಾಮಾನ್ಯವಾಗಿ ಅದು ಹೇಗಿರುತ್ತದೆ ನೋಡಿ: ‘ಫ್ಲೀಟ್ ಅವರು ರಟ್ಟರ ಶಾಸನಗಳನ್ನು ಸಂಪಾದಿಸಿದ್ದಾರೆ. ಬಾರ್ನೆಟ್ ಅವರು ಹೂಲಿಯ ಶಾಸನಗಳನ್ನು ಪ್ರಕಟಿಸಿದ್ದಾರೆ. ಪಿ.ಬಿ. ದೇಸಾಯಿ ಅವರು ಜೈನ ಶಾಸನಗಳ ಬಗ್ಗೆ ಬರೆದಿದ್ದಾರೆ. ಈ ಎಲ್ಲ ಕೃತಿಗಳು ಮಹತ್ವದವು.’ ಹೀಗೇ ಮೂವತ್ತು ಪುಟ. ಲಗ್ನಪತ್ರಿಕೆಯ ಕೆಳಗೆ ಸುಖಾಗಮನ ಬಯಸುವವರ ಹೆಸರು ಹಾಕಿದ ಹಾಗೆ. ಯಾರನ್ನೂ ಬಿಟ್ಟಿಲ್ಲ ಅನ್ನುವ ಸಮಾಧಾನ ಬರೆದವರಿಗೆ. ಏನೂ ತಿಳಿಯಲಿಲ್ಲ ಅನ್ನುವ ಬೇಸರ ಓದಿದವರಿಗೆ.

ಪಟ್ಟಿ ಮಾಡುವುದು ತಪ್ಪಲ್ಲ, ಪಟ್ಟಿಗೇ ನಿಂತುಬಿಡುವುದು ತಪ್ಪು. ಶಾಸನಗಳ ವಿಷಯದಲ್ಲಂತೂ ಈ ಅಧ್ಯಾಯ ಬರಿಯ ಔಪಚಾರಿಕತೆ ಅಲ್ಲವೇ ಅಲ್ಲ. ಒಂದು ಶಾಸನವನ್ನು ನೀವು ಓದುವ ಮೊದಲೇ ಮೂರ್ನಾಲ್ಕು ಜನ ಓದಿರುತ್ತಾರೆ. ಅವರ ಓದಿನ ಮೇಲೆ ಇನ್ನೊಬ್ಬರು ಇತಿಹಾಸ ಕಟ್ಟಿರುತ್ತಾರೆ. ಆ ಇತಿಹಾಸ ಊರಿನ ಸ್ಮರಣ ಸಂಚಿಕೆಗೆ ಹೋಗಿ, ಅಲ್ಲಿಂದ ಶಾಲೆಯ ಭಾಷಣಕ್ಕೆ ಹೋಗಿರುತ್ತದೆ. ಬುಡದಲ್ಲಿ ಒಂದು ಇಸವಿ ಅಲುಗಾಡುತ್ತಿದ್ದರೆ ಮೇಲಿನದೆಲ್ಲ ಅಲುಗಾಡುತ್ತದೆ. ಅದನ್ನು ಪತ್ತೆ ಹಚ್ಚುವ ಜಾಗವೇ ಎರಡನೆಯ ಅಧ್ಯಾಯ. ಮೊದಲು ಒಂದು ಉದಾಹರಣೆ ನೋಡೋಣ, ಆಮೇಲೆ ವಿಧಾನಕ್ಕೆ ಬರೋಣ.

ಅಜ್ಜನಿಗೂ ಮೊಮ್ಮಗನಿಗೂ 105 ವರ್ಷ

ಸವದತ್ತಿಯ ಹಳೆಯ ಹೆಸರು ಸುಗಂಧವರ್ತಿ. ಕೂಂಡಿ ಮೂರುಸಾವಿರವನ್ನು ಆಳಿದ ರಟ್ಟರಿಗೆ ಮೊದಲು ಇದೇ ರಾಜಧಾನಿ. ಬೆಳಗಾವಿ, ಅಂದರೆ ವೇಣುಗ್ರಾಮ, ನಂತರದ್ದು. ಇವರ ಶಾಸನಗಳನ್ನು ಜೆ.ಎಫ್. ಫ್ಲೀಟ್ 1870ರ ದಶಕದಲ್ಲಿ ರಾಯಲ್ ಏಷ್ಯಾಟಿಕ್ ಸೊಸೈಟಿಯ ಮುಂಬಯಿ ಶಾಖೆಯ ಪತ್ರಿಕೆಯ ಹತ್ತನೆಯ ಸಂಪುಟದಲ್ಲಿ ಒಟ್ಟಿಗೆ ಪ್ರಕಟಿಸಿದರು. ಅವುಗಳಲ್ಲಿ ಸವದತ್ತಿಯ ಒಂದು ಶಾಸನ ಪೃಥ್ವೀರಾಮ ಎಂಬವನ ಬಗ್ಗೆ ಹೇಳುತ್ತದೆ. ಜೈನರ ಕಾರೇಯ ಗಣದಲ್ಲಿ ಶಿಷ್ಯನಾಗಿದ್ದ ಇವನನ್ನು ಕೃಷ್ಣರಾಜ ಎಂಬ ದೊರೆ ಸಾಮಂತ ಪದವಿಗೆ ಏರಿಸಿದ. ಕಾಲ ಶಕ 797, ಮನ್ಮಥ ಸಂವತ್ಸರ, ಅಂದರೆ ಕ್ರಿ.ಶ. 875.

ಇಷ್ಟನ್ನೇ ಹಿಡಿದು ‘ರಟ್ಟರ ಇತಿಹಾಸ 875ರಿಂದ ಆರಂಭವಾಗುತ್ತದೆ’ ಅಂತ ಬರೆದುಬಿಡುವುದು ಬಹಳ ಸುಲಭ. ಪಂಚಾಂಗದ ಲೆಕ್ಕವೂ ಅಡ್ಡ ಬರುವುದಿಲ್ಲ. ಶಕ 797 ಕಳೆದ ಮೇಲೆ ಬರುವ ವರ್ಷ ಮನ್ಮಥವೇ ಹೌದು. ಆದರೆ ಪಕ್ಕದ ಶಾಸನಗಳನ್ನು ಎದುರಿಗೆ ಇಟ್ಟುಕೊಂಡ ಕೂಡಲೇ ತೊಡಕು ಶುರುವಾಗುತ್ತದೆ.

ಮೊದಲನೆಯದು, 875ರಲ್ಲಿ ರಾಷ್ಟ್ರಕೂಟ ಸಿಂಹಾಸನದಲ್ಲಿ ಇದ್ದವನು ಅಮೋಘವರ್ಷ ನೃಪತುಂಗ. ಅವನ ಮಗ ಇಮ್ಮಡಿ ಕೃಷ್ಣ ಪಟ್ಟಕ್ಕೆ ಬಂದದ್ದು ಕೆಲವು ವರ್ಷ ತಡವಾಗಿ. ಎರಡನೆಯದು, ಪೃಥ್ವೀರಾಮನ ಮಗ ಪಿಟ್ಟುಗ, ಪಿಟ್ಟುಗನ ಮಗ ಶಾಂತಿವರ್ಮ. ಶಾಂತಿವರ್ಮನದು ಸವದತ್ತಿಯಲ್ಲೇ ಇನ್ನೊಂದು ಶಾಸನವಿದೆ: ಶಕ 902, ವಿಕ್ರಮ ಸಂವತ್ಸರ, ಕ್ರಿ.ಶ. 980. ಆಗ ಆಳುತ್ತಿದ್ದವನು ಕಲ್ಯಾಣ ಚಾಲುಕ್ಯರ ಇಮ್ಮಡಿ ತೈಲಪ. ಅಜ್ಜ 875ರಲ್ಲಿ ಸಾಮಂತ, ಮೊಮ್ಮಗ 980ರಲ್ಲಿ ಸಾಮಂತ. ನಡುವೆ ಒಬ್ಬನೇ ಒಬ್ಬ ಮಗ, 105 ವರ್ಷ!

ಇದಕ್ಕೆ ಏನೇನು ಉತ್ತರ ಸಾಧ್ಯ? ಒಂದು, ಇಸವಿ ಸರಿ. ಅಮೋಘವರ್ಷ ಇರುವಾಗಲೇ ಯುವರಾಜ ಕೃಷ್ಣ ಅಧಿಕಾರ ನಡೆಸುತ್ತಿದ್ದ. ಎರಡು, ಇಸವಿ ಸರಿ. ಆದರೆ ವಂಶಾವಳಿಯಲ್ಲಿ ಒಂದೆರಡು ತಲೆಮಾರು ಬಿಟ್ಟುಹೋಗಿದೆ. ಮೂರು, ಇಸವಿಯೇ ತಪ್ಪು. ಶಾಸನದ ಕೃಷ್ಣರಾಜ 939ರಿಂದ 967ರ ವರೆಗೆ ಆಳಿದ ಮುಮ್ಮಡಿ ಕೃಷ್ಣ. ಅದೇ ಕಲ್ಲಿನಲ್ಲಿ ನಂತರದ ಕಾಲದ ದಾನಗಳ ವಿವರವೂ ಇರುವುದರಿಂದ, ಹಳೆಯ ದಾನದ ನೆನಪನ್ನು ಮುಂದೆ ಯಾವಾಗಲೋ ಬರೆಸುವಾಗ ಇಸವಿ ತಪ್ಪಿತು ಎನ್ನಲು ಅವಕಾಶವಿದೆ. ಸ್ವತಃ ಫ್ಲೀಟರೇ 1896ರ ಹೊತ್ತಿಗೆ, ಮುಂಬಯಿ ಗ್ಯಾಸೆಟಿಯರಿಗಾಗಿ ಕನ್ನಡ ಜಿಲ್ಲೆಗಳ ರಾಜವಂಶಗಳ ಇತಿಹಾಸವನ್ನು ತಿದ್ದಿ ಬರೆಯುವಾಗ, ಈ ಕಡೆಗೇ ವಾಲಿದರು.

ಗಮನಿಸಿ, ಒಬ್ಬನೇ ವಿದ್ವಾಂಸ, ಇಪ್ಪತ್ತು ವರ್ಷದ ಅಂತರದಲ್ಲಿ ಎರಡು ಮಾತು. ‘ಫ್ಲೀಟ್ ಹೇಳಿದ್ದಾರೆ’ ಅಂತ ಬರೆದರೆ ಯಾವ ಫ್ಲೀಟ್? ಹತ್ತನೆಯ ಸಂಪುಟ ಮಾತ್ರ ನೋಡಿದವರು ಫ್ಲೀಟರ ಹೆಸರಿನಲ್ಲೇ, ಫ್ಲೀಟರು ಕೈಬಿಟ್ಟ ಮಾತನ್ನು ಮುಂದುವರಿಸುತ್ತಾರೆ.

ಕಗ್ಗಂಟು ಇಲ್ಲಿಗೂ ಮುಗಿಯುವುದಿಲ್ಲ. ಸವದತ್ತಿ ಸೀಮೆಯದೇ ಆದ ಸೊಗಲದ ಶಾಸನವೂ ಶಕ 902ರದ್ದು. ಅದನ್ನು ಎಲ್.ಡಿ. ಬಾರ್ನೆಟ್ ಎಪಿಗ್ರಾಫಿಯಾ ಇಂಡಿಕಾದ ಹದಿನಾರನೆಯ ಸಂಪುಟದಲ್ಲಿ ಸಂಪಾದಿಸಿದರು. ಅಲ್ಲಿ ತೈಲಪನ ಸಾಮಂತನಾಗಿ ಕಾಣುವವನು ಶಾಂತಿವರ್ಮ ಅಲ್ಲ, ಕತ್ತ; ಅಂದರೆ ಮೊದಲನೆಯ ಕಾರ್ತವೀರ್ಯ. ಒಂದೇ ವರ್ಷ, ಒಂದೇ ಸೀಮೆ, ಇಬ್ಬರು ರಟ್ಟರು. ಎರಡು ಮನೆತನಗಳಿದ್ದವೇ? ಒಂದು ಮತ್ತೊಂದನ್ನು ಹಿಂದೆ ಹಾಕಿತೇ? ಸೊಗಲವನ್ನು ಒಂದು ಪುಟದಲ್ಲಿ, ಸವದತ್ತಿಯನ್ನು ಇನ್ನೊಂದು ಪುಟದಲ್ಲಿ, ಅವರವರ ಸಂಪಾದಕರ ಹೆಸರಿನ ಕೆಳಗೆ ಬೇರೆ ಬೇರೆ ಇಟ್ಟರೆ ಈ ಪ್ರಶ್ನೆ ಹುಟ್ಟುವುದೇ ಇಲ್ಲ. ಎರಡನ್ನೂ ಒಂದೇ ಪ್ಯಾರಾದಲ್ಲಿ ಕೂಡಿಸಿದರೆ ಮಾತ್ರ ಹುಟ್ಟುತ್ತದೆ. ಸಮೀಕ್ಷೆಯನ್ನು ಹೇಗೆ ಜೋಡಿಸುತ್ತೀರಿ ಅನ್ನುವುದು ಅಲಂಕಾರದ ಮಾತಲ್ಲ ಅನ್ನುವುದು ಇದಕ್ಕೇ.

ಮೊದಲ ಕೆಲಸ: ಹೆಸರುಗಳ ಸಿಕ್ಕು ಬಿಡಿಸುವುದು

ಈ ನಾಲ್ಕು ತಾಲೂಕುಗಳ ಬಗ್ಗೆ ಏನೇನು ಪ್ರಕಟವಾಗಿದೆ ಅಂತ ಹುಡುಕಲು ಕೂತ ಹೊಸಬರು ಸಾಮಾನ್ಯವಾಗಿ ಮೊದಲು ಕೈ ಹಾಕುವುದು ಎಪಿಗ್ರಾಫಿಯಾ ಕರ್ನಾಟಿಕಕ್ಕೆ. ಅಲ್ಲಿ ಸವದತ್ತಿ ಸಿಗುವುದಿಲ್ಲ. ಬಿ.ಎಲ್. ರೈಸ್ ಆರಂಭಿಸಿದ ಆ ಮಾಲೆ ಹಳೆಯ ಮೈಸೂರು ಸಂಸ್ಥಾನಕ್ಕೂ ಕೊಡಗಿಗೂ ಸಂಬಂಧಿಸಿದ್ದು. ನಮ್ಮದು ಮುಂಬಯಿ ಪ್ರಾಂತ. ಇಲ್ಲಿನ ಆಕರಗಳು ಇರುವ ಮನೆಯೇ ಬೇರೆ.

ಮುಂಬಯಿ ಪ್ರಾಂತದ ದಾಖಲೆಗಳಲ್ಲೂ ಇಂದಿನ ತಾಲೂಕಿನ ಹೆಸರು ಹಿಡಿದು ಹೋದರೆ ಬರಿಗೈಯೇ. ಇಂದಿನ ಸವದತ್ತಿ ತಾಲೂಕು ಆಗ ಪರಸಗಡ ತಾಲೂಕು. ಬೈಲಹೊಂಗಲ, ಕಿತ್ತೂರು ಎರಡೂ ಸಂಪಗಾವಿ ತಾಲೂಕಿನಲ್ಲಿ. ಕಿತ್ತೂರು ಪ್ರತ್ಯೇಕ ತಾಲೂಕಾದದ್ದು ಮೊನ್ನೆ ಮೊನ್ನೆ. ಸವದತ್ತಿಯಿಂದ ಯರಗಟ್ಟಿ ಒಡೆದದ್ದೂ ಹಾಗೆಯೇ. ರಾಮದುರ್ಗ 1948ರ ವರೆಗೆ ಪ್ರತ್ಯೇಕ ಸಂಸ್ಥಾನ. ಈಗ ರಾಮದುರ್ಗ ತಾಲೂಕಿನಲ್ಲಿರುವ ತೊರಗಲ್ಲು ಆಗ ರಾಮದುರ್ಗದ್ದೂ ಅಲ್ಲ, ಕೊಲ್ಹಾಪುರಕ್ಕೆ ಸೇರಿದ ಜಹಗೀರು. ಹೀಗಾಗಿ ಬೆಳಗಾವಿ ಜಿಲ್ಲೆಯ ಪಟ್ಟಿಯಲ್ಲಿ ಮಾತ್ರ ತೊರಗಲ್ಲನ್ನು ಹುಡುಕಿ ‘ಏನೂ ಸಿಗಲಿಲ್ಲ’ ಅಂದರೆ ಆ ಮಾತಿಗೆ ಬೆಲೆ ಇಲ್ಲ.

ಊರಿನ ಹೆಸರುಗಳ ರೂಪಗಳನ್ನೂ ಒಂದು ಕಡೆ ಬರೆದಿಟ್ಟುಕೊಳ್ಳಿ. ಸವದತ್ತಿ, ಸೌಂದತ್ತಿ, ಸುಗಂಧವರ್ತಿ. ಹೂಲಿ, ಶಾಸನಗಳಲ್ಲಿ ಪೂಲಿ. ಮುನವಳ್ಳಿ, ಇಂಗ್ಲಿಷ್ ಬರಹಗಳಲ್ಲಿ ಮನೋಳಿ. ನೇಸರಗಿ, ನೇಸರಿಗೆ. ತೊರಗಲ್ಲು, ತೊರಗಲೆ, ತೋರಗಲ್. ಕಿತ್ತೂರಿನ ಹತ್ತಿರದ ದೇಗಾಂವ, ಫ್ಲೀಟರಲ್ಲಿ ದೇಗಾಂವೆ. ಗೂಗಲ್ಲಿನಲ್ಲಾಗಲಿ, ‘ಶೋಧಗಂಗಾ’ದಲ್ಲಾಗಲಿ, ಹಳೆಯ ಸಂಪುಟಗಳ ಸೂಚಿಯಲ್ಲಾಗಲಿ ಹುಡುಕುವಾಗ ಈ ಎಲ್ಲ ರೂಪ ಹಾಕಿ ನೋಡಬೇಕು. ಕನ್ನಡ ಲಿಪಿಯಲ್ಲೂ ನೋಡಬೇಕು, ಇಂಗ್ಲಿಷ್ ಲಿಪಿಯಲ್ಲೂ ನೋಡಬೇಕು.

ಇನ್ನೊಂದು ಸಂಗತಿ. ಇಂದಿನ ತಾಲೂಕಿನ ಗಡಿ ಶಾಸನಕಾರನಿಗೆ ಗೊತ್ತಿರಲಿಲ್ಲ. ಸವದತ್ತಿ ಕೂಂಡಿ ಮೂರುಸಾವಿರದ್ದು. ಗೋವೆಯ ಕದಂಬರ ಆಳ್ವಿಕೆಯ ಕಿತ್ತೂರು ಸೀಮೆ ಪಲಸಿಗೆ ಪನ್ನಿರ್ಛಾಸಿರದ ಕಡೆಯದು. ತೊರಗಲ್ಲು ತನ್ನದೇ ಹೆಸರಿನ ಆರುಸಾವಿರದ್ದು. ಅಂದರೆ ನಿಮ್ಮ ಪ್ರಬಂಧದ ಒಂದು ಶೀರ್ಷಿಕೆಯೊಳಗೆ ಕನಿಷ್ಠ ಮೂರು ನಾಡುಗಳಿವೆ. ಸಮೀಕ್ಷೆಯ ಮೊದಲ ಎರಡು ಪುಟ ಈ ಭೂಪಟಕ್ಕೆ ಮೀಸಲಿರಲಿ. ಓದುಗರಿಗೆ ಮುಂದಿನ ಹಾದಿ ಸಲೀಸಾಗುತ್ತದೆ.

ಎರಡನೆಯ ಕೆಲಸ: ಪದರಗಳನ್ನು ಗುರುತಿಸುವುದು

1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತದ್ದು ನಮಗೆಲ್ಲ ಗೊತ್ತು. ಆಗ ರಾಣಿ ಚೆನ್ನಮ್ಮನ ಕಡೆಯವರ ಕೈಗೆ ಸೆರೆ ಸಿಕ್ಕ ಇಬ್ಬರು ಅಧಿಕಾರಿಗಳಲ್ಲಿ ಒಬ್ಬ ವಾಲ್ಟರ್ ಎಲಿಯಟ್. ಸೆರೆಯಿಂದ ಬಿಡುಗಡೆಯಾದ ಈತನೇ ಮುಂದೆ ಈ ಭಾಗದ ಶಾಸನಗಳನ್ನು ಪ್ರತಿ ಮಾಡಿಸಿದ. ಐನೂರಕ್ಕೂ ಹೆಚ್ಚು ಪ್ರತಿಗಳ ಆ ಹಸ್ತಪ್ರತಿ ಸಂಗ್ರಹವೇ ‘ಕರ್ನಾಟಕ ದೇಶದ ಶಾಸನಗಳು’. ಅವುಗಳ ಆಧಾರದ ಮೇಲೆ 1830ರ ದಶಕದಲ್ಲಿ ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಲೇಖನವನ್ನೂ ಬರೆದ. ನಮ್ಮ ಸೀಮೆಯ ಶಾಸನಾಧ್ಯಯನದ ಮೊದಲ ಪದರ ಇದು. ಇವು ಕೈಯಿಂದ ನೋಡಿ ಬರೆದ ಪ್ರತಿಗಳು ಅನ್ನುವುದು ನೆನಪಿರಲಿ. ಬರೆದವನ ಕಣ್ಣಿಗೆ ಕಂಡದ್ದು ಮಾತ್ರ ಕಾಗದಕ್ಕೆ ಬಂದಿದೆ.

ಎರಡನೆಯ ಪದರ ಫ್ಲೀಟರದು. 1867ರಲ್ಲಿ ಮುಂಬಯಿ ಸರಕಾರದ ಸೇವೆಗೆ ಬಂದ ಇವರು ಮುಂಬಯಿ ಶಾಖೆಯ ಪತ್ರಿಕೆಯ ಒಂಬತ್ತನೆಯ ಸಂಪುಟದಲ್ಲಿ ಗೋವೆಯ ಕದಂಬರ, ಹತ್ತನೆಯದರಲ್ಲಿ ರಟ್ಟರ ಶಾಸನಗಳನ್ನು ಪ್ರಕಟಿಸಿದರು. 1872ರಲ್ಲಿ ಶುರುವಾದ ಇಂಡಿಯನ್ ಆಂಟಿಕ್ವರಿಯಲ್ಲಿ ಇವರ ಲೇಖನಗಳು ಸಾಲಾಗಿ ಬಂದವು; ತೊರಗಲ್ಲಿನ ಭೂತನಾಥನ ಶಾಸನ ಅದರ ಹನ್ನೆರಡನೆಯ ಸಂಪುಟದಲ್ಲಿದೆ. 1884ರ ಬೆಳಗಾವಿ ಗ್ಯಾಸೆಟಿಯರ್ ಇದೇ ಪದರಕ್ಕೆ ಸೇರಿದ್ದು. ಅದರಲ್ಲಿ ಊರೂರಿನ ಗುಡಿ, ಕಲ್ಲುಗಳ ಟಿಪ್ಪಣಿ ಇದೆ. ಯಾವ ಕಲ್ಲು ಆಗ ಎಲ್ಲಿತ್ತು ಅಂತ ತಿಳಿಯಲು ಇದು ಬಹಳ ಉಪಯೋಗ.

ಮೂರನೆಯದು ಬಾರ್ನೆಟ್. ಫ್ಲೀಟ್ 1917ರಲ್ಲಿ ತೀರಿಕೊಂಡರು. ಅವರ ಅಚ್ಚೊತ್ತಿದ ಪ್ರತಿಗಳು ಬ್ರಿಟಿಷ್ ಮ್ಯೂಸಿಯಮ್ಮಿಗೆ ಸೇರಿದವು. ಬಾರ್ನೆಟ್ ಸೊಗಲ, ಹೂಲಿಗಳ ಶಾಸನಗಳನ್ನು ಸಂಪಾದಿಸಿದ್ದು ಲಂಡನ್ನಿನಲ್ಲಿ ಕೂತು, ಆ ಅಚ್ಚುಗಳನ್ನು ನೋಡಿ. ಅವರ ಪಾಂಡಿತ್ಯದ ಬಗ್ಗೆ ಎರಡು ಮಾತಿಲ್ಲ. ಆದರೆ ಅವರು ಓದಿದ್ದು ಕಾಗದ. ಕಲ್ಲಿನ ಸೀಳು ಯಾವುದು, ಅಕ್ಷರದ ಗೆರೆ ಯಾವುದು ಅನ್ನುವ ಅನುಮಾನ ಬಂದಾಗ ಎದ್ದು ಹೋಗಿ ಕಲ್ಲು ಮುಟ್ಟಿ ನೋಡುವ ಅನುಕೂಲ ಅವರಿಗಿರಲಿಲ್ಲ. ನಿಮಗಿದೆ.

ನಾಲ್ಕನೆಯ ಪದರ ‘ಬಾಂಬೆ–ಕರ್ನಾಟಕ’ ಅನ್ನುವ ಹೆಸರಿನದು. 1925ರ ಆಚೆ ಪುರಾತತ್ತ್ವ ಇಲಾಖೆಯವರು ಈ ಭಾಗದಲ್ಲಿ ಕ್ರಮಬದ್ಧವಾಗಿ ಶಾಸನಗಳ ಅಚ್ಚು ತೆಗೆಯಲು ಶುರು ಮಾಡಿದರು. ವಾರ್ಷಿಕ ವರದಿಗಳಲ್ಲಿ ‘ಬಿ.ಕೆ. ಸಂಖ್ಯೆ’ ಅಂತ ಕಾಣುವುದು ಇವೇ. ಇವುಗಳಲ್ಲಿ ಹಲವು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಶನ್ಸ್ ಮಾಲೆಯ 11, 15, 18 ಮತ್ತು 20ನೆಯ ಸಂಪುಟಗಳಲ್ಲಿ ಪಾಠಸಹಿತ ಅಚ್ಚಾಗಿವೆ. ಹಾಗಂತ ವಾರ್ಷಿಕ ವರದಿಯನ್ನು ಬಿಡಬಾರದು. ವರದಿಯಲ್ಲಿ ಎರಡು ಸಾಲಿನ ಸಾರಾಂಶವಾಗಿ ಬಂದು, ಪೂರ್ತಿ ಪಾಠ ಎಲ್ಲೂ ಅಚ್ಚಾಗದ ಶಾಸನಗಳು ಸಿಕ್ಕರೆ ಅದೇ ನಿಮ್ಮ ಪ್ರಬಂಧದ ಆಸ್ತಿ. ಅವುಗಳ ಅಚ್ಚು ನೋಡಲು ಮೈಸೂರಿನ ಶಾಸನಶಾಸ್ತ್ರ ಶಾಖೆಗೆ ಬರೆಯಬೇಕು.

ಐದನೆಯದು ಧಾರವಾಡ. 1939ರಲ್ಲಿ ಹುಟ್ಟಿದ ಕನ್ನಡ ಸಂಶೋಧನ ಸಂಸ್ಥೆ, ಆರ್.ಎಸ್. ಪಂಚಮುಖಿಯವರ ಸಂಪಾದಕತ್ವದಲ್ಲಿ 1941ರಿಂದ ಹೊರಬಂದ ‘ಕರ್ನಾಟಕ ಇನ್‌ಸ್ಕ್ರಿಪ್ಶನ್ಸ್’ ಸಂಪುಟಗಳು, 1957ರಲ್ಲಿ ಬಂದ ಪಿ.ಬಿ. ದೇಸಾಯಿಯವರ ದಕ್ಷಿಣ ಭಾರತದ ಜೈನಧರ್ಮದ ಗ್ರಂಥ, ಎಂ.ಎಂ. ಕಲಬುರ್ಗಿಯವರ ‘ಮಾರ್ಗ’ ಸಂಪುಟಗಳ ಶಾಸನ ಲೇಖನಗಳು, ‘ಕರ್ನಾಟಕ ಭಾರತಿ’, ‘ಇತಿಹಾಸ ದರ್ಶನ’ಗಳ ಹಳೆಯ ಸಂಚಿಕೆಗಳು. ಇವೆಲ್ಲದರ ಜೊತೆಗೆ ಮಠದ ಸ್ಮರಣ ಸಂಚಿಕೆ, ಶಾಲೆಯ ಸುವರ್ಣ ಮಹೋತ್ಸವದ ಪುಸ್ತಕಗಳನ್ನೂ ನೋಡಬೇಕು. ಅವುಗಳಲ್ಲಿ ಪಾಠ ತಪ್ಪಿರಬಹುದು. ಆದರೆ ‘ಈ ಕಲ್ಲನ್ನು ಕೆರೆ ಹೂಳು ತೆಗೆಯುವಾಗ ಗುಡಿಗೆ ತಂದಿಟ್ಟರು’ ಅನ್ನುವಂಥ ಒಂದು ಸಾಲು ಅಲ್ಲೇ ಸಿಗುವುದು.

ಮೂರನೆಯ ಕೆಲಸ: ಕಲ್ಲಿಗೊಂದು ಚೀಟಿ

ಬೇರೆ ವಿಷಯದವರು ಪುಸ್ತಕಕ್ಕೊಂದು ಚೀಟಿ ಮಾಡುತ್ತಾರೆ. ಶಾಸನದವರು ಕಲ್ಲಿಗೊಂದು ಚೀಟಿ ಮಾಡಬೇಕು. ಕಾರ್ಡಿನಲ್ಲಿ ಬರೆಯಿರಿ, ಎಕ್ಸೆಲ್ಲಿನಲ್ಲಿ ಬರೆಯಿರಿ, ನಿಮ್ಮ ಇಷ್ಟ. ಆದರೆ ಇಷ್ಟು ಮನೆಗಳು ಇರಲಿ:

– ಊರು, ಅದರ ಹಳೆಯ ರೂಪಗಳು, ಆಗಿನ ತಾಲೂಕು, ಈಗಿನ ತಾಲೂಕು.
– ಕಲ್ಲು ಮೊದಲು ವರದಿಯಾದಾಗ ಎಲ್ಲಿತ್ತು, ಈಗ ಎಲ್ಲಿದೆ.
– ಯಾರು, ಯಾವಾಗ ಓದಿದರು. ಕಲ್ಲಿನಿಂದಲೋ, ಅಚ್ಚಿನಿಂದಲೋ, ಕೈಪ್ರತಿಯಿಂದಲೋ.
– ಶಾಸನದಲ್ಲಿ ಇರುವ ಕಾಲಸೂಚನೆ, ಅದು ಇದ್ದ ಹಾಗೇ.
– ಅದಕ್ಕೆ ಸಮನಾದ ಕ್ರಿಸ್ತಶಕ, ಮತ್ತು ಆ ಲೆಕ್ಕ ಯಾರದು.
– ಪಾಠಭೇದ, ವಾದ, ತಿದ್ದುಪಡಿ.
– ಈ ಶಾಸನವನ್ನು ಯಾರು ಯಾವ ಮಾತಿಗೆ ಆಧಾರ ಮಾಡಿಕೊಂಡಿದ್ದಾರೆ.

ಕಾಲಸೂಚನೆಯನ್ನು ಇದ್ದ ಹಾಗೇ ಬರೆದುಕೊಳ್ಳುವುದಕ್ಕೆ ಕಾರಣವಿದೆ. ದೇಗಾಂವದ ಕಮಲನಾರಾಯಣ ಗುಡಿಯನ್ನೇ ತೆಗೆದುಕೊಳ್ಳಿ. ಗೋವೆಯ ಕದಂಬ ಪೆರ್ಮಾಡಿಯ ರಾಣಿ ಕಮಲಾದೇವಿ ಕಟ್ಟಿಸಿದ್ದು. ಅಲ್ಲಿನ ಶಾಸನದಲ್ಲಿ ಶಕ ವರ್ಷ ಇಲ್ಲ, ಕಲಿಯುಗದ ವರ್ಷ ಇದೆ: 4275, ಜಯ ಸಂವತ್ಸರ. ಲೆಕ್ಕ ಹಾಕಿದರೆ ಕ್ರಿ.ಶ. 1174. ಶಕ ವರ್ಷದಿಂದ 78 ಕೂಡಿಸುವ ರೂಢಿಯಲ್ಲಿ ಕಣ್ಣು ಮುಚ್ಚಿ ಹೋಗುವವರು ಇಲ್ಲಿ ದಿಕ್ಕು ತಪ್ಪುತ್ತಾರೆ. ಶಕ ವರ್ಷ ಇದ್ದಲ್ಲೂ ಅದು ಕಳೆದ ವರ್ಷವೋ ನಡೆಯುತ್ತಿರುವ ವರ್ಷವೋ ಅನ್ನುವುದರ ಮೇಲೆ ಒಂದು ವರ್ಷದ ವ್ಯತ್ಯಾಸ ಬರುತ್ತದೆ. ಇಬ್ಬರು ವಿದ್ವಾಂಸರು ಒಂದೇ ಶಾಸನಕ್ಕೆ 1218, 1219 ಅಂತ ಬೇರೆ ಬೇರೆ ಇಸವಿ ಕೊಟ್ಟಿದ್ದರೆ ಅದು ಭಿನ್ನಾಭಿಪ್ರಾಯ ಆಗಬೇಕಿಲ್ಲ, ಲೆಕ್ಕದ ರೀತಿ ಬೇರೆ ಇರಬಹುದು. ಚೀಟಿಯಲ್ಲಿ ಮೂಲದ ಮಾತು ಇದ್ದರೆ ತಕ್ಷಣ ತಿಳಿಯುತ್ತದೆ.

ಕೊನೆಯ ಮನೆ, ‘ಯಾರು ಯಾವ ಮಾತಿಗೆ ಆಧಾರ ಮಾಡಿಕೊಂಡಿದ್ದಾರೆ’ ಅನ್ನುವುದು, ಬಹಳ ಜನ ಬಿಟ್ಟುಬಿಡುವ ಮನೆ. ಸಮೀಕ್ಷೆ ಹುಟ್ಟುವುದೇ ಅಲ್ಲಿಂದ.

ನಾಲ್ಕನೆಯ ಕೆಲಸ: ಪ್ರಶ್ನೆಗಳ ಪ್ರಕಾರ ಜೋಡಿಸುವುದು

ಚೀಟಿಗಳು ಐವತ್ತು ಅರವತ್ತು ಆದ ಮೇಲೆ ಅವನ್ನು ಮೇಜಿನ ಮೇಲೆ ಹರಡಿ. ಲೇಖಕರ ಹೆಸರಿನ ಅಕಾರಾದಿ ಬೇಡ. ಪ್ರಕಟವಾದ ಇಸವಿಯ ಕ್ರಮವೊಂದೇ ಸಾಲದು. ಊರಿನ ಪ್ರಕಾರ ಜೋಡಿಸಿದರೆ ಅದು ಶಾಸನಸೂಚಿ ಆಗುತ್ತದೆ. ಸೂಚಿ ಅನುಬಂಧಕ್ಕೆ ಹೋಗಲಿ. ಅಧ್ಯಾಯವನ್ನು ಪ್ರಶ್ನೆಗಳ ಪ್ರಕಾರ ಕಟ್ಟಿ. ಈ ನಾಲ್ಕು ತಾಲೂಕುಗಳ ಮಟ್ಟಿಗೆ ಐದು ಪ್ರಶ್ನೆ ನನಗೆ ಕಾಣುತ್ತವೆ.

ಒಂದು, ರಟ್ಟರ ಆರಂಭ. ಮೇಲೆ ಹೇಳಿದ ಸವದತ್ತಿ, ಸೊಗಲದ ಚರ್ಚೆಯೆಲ್ಲ ಇಲ್ಲಿ. ಎರಡು, ಜೈನ ಬಸದಿಗಳೂ ಶೈವ ಗುಡಿಗಳೂ. ಮೊದಲ ರಟ್ಟರ ದಾನ ಜಿನಾಲಯಗಳಿಗೆ ಕಾಣುತ್ತದೆ. ಹದಿಮೂರನೆಯ ಶತಮಾನದ ನೇಸರಗಿಯಲ್ಲಿ ಲಿಂಗ ಪ್ರತಿಷ್ಠೆಯ ಮಾತು ಬರುತ್ತದೆ. ಈ ಬದಲಾವಣೆಯನ್ನು ಯಾರು ಹೇಗೆ ವಿವರಿಸಿದ್ದಾರೆ? ಮೂರು, ಅಗ್ರಹಾರ ಮತ್ತು ಊರಾಡಳಿತ. ಹೂಲಿಯ ಸಾವಿರ ಮಹಾಜನರು ಇಲ್ಲಿ ಬರುತ್ತಾರೆ, ಜಿ.ಎಸ್. ದೀಕ್ಷಿತರ 1964ರ ಸ್ಥಳೀಯ ಆಡಳಿತದ ಅಧ್ಯಯನವನ್ನು ಇಲ್ಲಿ ಎದುರಿಗೆ ಇಟ್ಟುಕೊಳ್ಳಬೇಕು. ನಾಲ್ಕು, ನ್ಯಾಯ. ಹನ್ನೆರಡನೆಯ ಶತಮಾನದ ಕೊನೆಯ ಕಿತ್ತೂರು ಶಾಸನದಲ್ಲಿ ಎರಡು ಗುಡಿಗಳ ಆಚಾರ್ಯರ ನಡುವಿನ ಹೊಲದ ತಕರಾರನ್ನು ‘ಫಲದಿವ್ಯ’ದಿಂದ, ಅಂದರೆ ಕಾದ ನೇಗಿಲ ಕುಳದ ದಿವ್ಯದಿಂದ, ತೀರ್ಮಾನಿಸಿದ ಪ್ರಸಂಗ ಇದೆ. ಐದು, ಗಡಿ. ರಟ್ಟರು, ಗೋವೆಯ ಕದಂಬರು, ತೊರಗಲ್ಲಿನ ಅರಸರು ಮೂವರೂ ಅಕ್ಕಪಕ್ಕ ಇದ್ದ ಈ ನೆಲದಲ್ಲಿ ಯಾವ ಹಳ್ಳಿ ಯಾವಾಗ ಯಾರದು?

ಹೀಗೆ ಜೋಡಿಸಿದಾಗ ಒಂದೇ ಗ್ರಂಥ ಎರಡು ಮೂರು ಕಡೆ ಬರುತ್ತದೆ. ಬರಲಿ. ಫ್ಲೀಟರು ಮೊದಲ ಪ್ರಶ್ನೆಯಲ್ಲೂ ಬರುತ್ತಾರೆ, ನಾಲ್ಕನೆಯದರಲ್ಲೂ ಬರುತ್ತಾರೆ. ಅವರ ಪರಿಚಯ ಪದರಗಳ ಭಾಗದಲ್ಲಿ ಒಮ್ಮೆ ಆದರೆ ಸಾಕು. ಆಮೇಲೆ ಅವರ ವಾದ ಮಾತ್ರ.

ಬರೆಯುವಾಗ

ಒಂದು ಪ್ಯಾರಾವನ್ನು ಎರಡು ರೀತಿಯಲ್ಲಿ ಬರೆದು ನೋಡೋಣ. ಮೊದಲನೆಯದು ಪಟ್ಟಿಯ ರೀತಿ:

‘ಜೆ.ಎಫ್. ಫ್ಲೀಟ್ ಅವರು ಸವದತ್ತಿಯ ರಟ್ಟ ಶಾಸನಗಳನ್ನು ಸಂಪಾದಿಸಿದ್ದಾರೆ. ಇದು ರಟ್ಟರ ಅಧ್ಯಯನಕ್ಕೆ ಮೌಲಿಕ ಕೊಡುಗೆ. ಎಲ್.ಡಿ. ಬಾರ್ನೆಟ್ ಅವರು ಸೊಗಲದ ಶಾಸನವನ್ನು ಪ್ರಕಟಿಸಿದ್ದಾರೆ. ಇದೂ ಮಹತ್ವದ್ದಾಗಿದೆ.’

ಎರಡನೆಯದು ಪ್ರಶ್ನೆಯ ರೀತಿ:

‘ರಟ್ಟರ ಮೊದಲ ಸಾಮಂತನ ಕಾಲದ ಬಗ್ಗೆ ಒಮ್ಮತವಿಲ್ಲ. ಸವದತ್ತಿಯ ಶಾಸನ ಪೃಥ್ವೀರಾಮನಿಗೆ ಶಕ 797ನ್ನು ಹೇಳುತ್ತದೆ. ಆದರೆ ಅವನ ಮೊಮ್ಮಗ ಶಾಂತಿವರ್ಮನ ಶಾಸನ ಶಕ 902ರದ್ದಾಗಿರುವುದರಿಂದ ಈ ಕಾಲವನ್ನು ಒಪ್ಪುವುದು ಕಷ್ಟ. ಫ್ಲೀಟ್ ಅವರು ಮುಂದೆ ಶಾಸನೋಕ್ತ ಕೃಷ್ಣನನ್ನು ಮುಮ್ಮಡಿ ಕೃಷ್ಣನೆಂದು ಗುರುತಿಸಿದರು. ಬಾರ್ನೆಟ್ ಸಂಪಾದಿಸಿದ ಸೊಗಲದ ಶಾಸನ ಅದೇ ಶಕ 902ರಲ್ಲಿ ಕತ್ತನನ್ನು ಹೆಸರಿಸುವುದರಿಂದ ಸಮಸ್ಯೆ ಕಾಲದ್ದು ಮಾತ್ರವಲ್ಲ, ಮನೆತನದ್ದೂ ಆಗುತ್ತದೆ. ಪ್ರಸ್ತುತ ಅಧ್ಯಯನ ಈ ಎರಡು ಸಾಲುಗಳ ದಾನಸ್ಥಳಗಳನ್ನು ಹೋಲಿಸಿ ನೋಡುತ್ತದೆ.’

ವ್ಯತ್ಯಾಸ ಎಲ್ಲಿದೆ? ಎರಡನೆಯದರಲ್ಲಿ ವಾಕ್ಯದ ಕರ್ತೃ ವಿದ್ವಾಂಸ ಅಲ್ಲ, ಸಮಸ್ಯೆ. ಯಾರು ಏನಂದರು ಅನ್ನುವುದರ ಜೊತೆಗೆ ಯಾಕೆ ಅಂದರು ಅನ್ನುವುದೂ ಬಂದಿದೆ. ಕೊನೆಗೆ ‘ನಾನು ಏನು ಮಾಡುತ್ತೇನೆ’ ಅನ್ನುವುದೂ ಬಂತು. ಪ್ರತಿ ಪ್ರಶ್ನೆಯ ಭಾಗವೂ ಇಂಥದೊಂದು ವಾಕ್ಯದಲ್ಲಿ ಮುಗಿಯಬೇಕು. ಮುಗಿಯದಿದ್ದರೆ ಆ ಭಾಗ ನಿಮ್ಮ ಪ್ರಬಂಧಕ್ಕೆ ಬೇಕಿಲ್ಲ ಅಂತಲೇ ಅರ್ಥ.

ಇನ್ನೊಂದು ಎಚ್ಚರಿಕೆ. ಒಬ್ಬರ ಪ್ರಬಂಧದಲ್ಲಿ ಉಲ್ಲೇಖವಾದ ಫ್ಲೀಟರನ್ನು ನೋಡಿ, ಫ್ಲೀಟರನ್ನೇ ಓದಿದ ಹಾಗೆ ಅಡಿಟಿಪ್ಪಣಿ ಹಾಕಬೇಡಿ. ಒಬ್ಬರು ಪುಟಸಂಖ್ಯೆ ತಪ್ಪು ಹಾಕಿದ್ದರೆ ಹಿಂದೆ ಬಂದವರೆಲ್ಲ ಅದೇ ತಪ್ಪು ಪುಟ ಹಾಕುತ್ತಾರೆ. ಪರೀಕ್ಷಕರು ಅದನ್ನು ನೋಡಿಯೇ ಹಿಡಿಯುತ್ತಾರೆ. ಹಳೆಯ ಸಂಪುಟಗಳು ಬಹುಪಾಲು ಈಗ ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಓದಲಿಕ್ಕೆ ನೆಪ ಇಲ್ಲ.

‘ಯಾರೂ ಮಾಡಿಲ್ಲ’ ಅನ್ನುವ ಮುಂಚೆ

ಸಮೀಕ್ಷೆಯ ಕೊನೆಗೆ ‘ಈ ಭಾಗದ ಶಾಸನಗಳ ಸಾಂಸ್ಕೃತಿಕ ಅಧ್ಯಯನ ಈವರೆಗೆ ನಡೆದಿಲ್ಲ’ ಅಂತ ಒಂದು ವಾಕ್ಯ ಬಂದೇ ಬರುತ್ತದೆ. ಅದನ್ನು ತೋರಿಸಿಕೊಡಬೇಕು, ಸಾರಿದರೆ ಸಾಲದು. ತೋರಿಸುವುದು ಹೇಗೆ? ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ 1966ರಲ್ಲಿ ಬಂತು. ನಮ್ಮಲ್ಲಿ ಈ ಮಾದರಿಯ ಪ್ರಬಂಧಗಳಿಗೆಲ್ಲ ಅದು ಮೇಲ್ಪಂಕ್ತಿ. ಅದರ ಕಾಲಮಿತಿ ಕ್ರಿ.ಶ. 450ರಿಂದ 1150. ಈಗ ನಿಮ್ಮ ಚೀಟಿಗಳನ್ನು ನೋಡಿ. ದೇಗಾಂವ 1174. ಕಿತ್ತೂರಿನ ಫಲದಿವ್ಯ ಅದಕ್ಕೂ ಆಚೆ. ತೊರಗಲ್ಲಿನ ಭೂತನಾಥ ಹನ್ನೆರಡನೆಯ ಶತಮಾನದ ಕೊನೆ. ನೇಸರಗಿ ಹದಿಮೂರನೆಯ ಶತಮಾನದ ಆರಂಭ. ಇಮ್ಮಡಿ ಲಕ್ಷ್ಮೀದೇವನ ಸವದತ್ತಿ ಶಾಸನ 1228. ಈ ಸೀಮೆಯ ಬಹಳ ಮಾತಾಡುವ ಶಾಸನಗಳು ಆ ಗ್ರಂಥದ ಕಾಲಮಿತಿಯ ಹೊರಗೆ ಉಳಿದಿವೆ! ಇದು ಆ ಗ್ರಂಥದ ಕೊರತೆ ಅಲ್ಲ, ಅದು ತಾನೇ ಹಾಕಿಕೊಂಡ ಗೆರೆ. ಆದರೆ ಆ ಗೆರೆಯ ಆಚೆ ನಿಮಗೆ ಹೊಲ ಇದೆ. ‘ಯಾರೂ ಮಾಡಿಲ್ಲ’ ಅನ್ನುವುದಕ್ಕಿಂತ ‘1150ರ ನಂತರದ ನೂರು ವರ್ಷ ಈ ನಾಲ್ಕು ತಾಲೂಕುಗಳಲ್ಲಿ ಏನಾಯಿತು ಅನ್ನುವುದು ಆ ಚೌಕಟ್ಟಿನಲ್ಲಿ ಬಂದಿಲ್ಲ’ ಅನ್ನುವುದು ಎಷ್ಟು ಗಟ್ಟಿ ಮಾತು ನೋಡಿ.

ಅಧ್ಯಾಯ ಹಿಡಿದುಕೊಂಡೇ ಊರಿಗೆ ಹೋಗಿ

ಎರಡನೆಯ ಅಧ್ಯಾಯವನ್ನು ಗ್ರಂಥಾಲಯದಲ್ಲೇ ಮುಗಿಸಿ, ಆಮೇಲೆ ಕ್ಷೇತ್ರಕಾರ್ಯ ಅಂತ ಬೇರೆ ಮಾಡಿಕೊಳ್ಳುವ ರೂಢಿ ಇದೆ. ಶಾಸನದ ವಿಷಯದಲ್ಲಿ ಅದು ಬೇಡ. ಚೀಟಿಗಳ ಪ್ರತಿ ಕೈಯಲ್ಲಿ ಹಿಡಿದು ಊರಿಗೆ ಹೋಗಿ. ಕಲ್ಲು ಹೇಳಿದ ಜಾಗದಲ್ಲಿ ಇದೆಯೇ? ಗುಡಿಯ ಜೀರ್ಣೋದ್ಧಾರದಲ್ಲಿ ಎಣ್ಣೆಬಣ್ಣ ಬಳಿದಿದ್ದಾರೆಯೇ? ಹೊಸ ಕಟ್ಟೆಯೊಳಗೆ ಅರ್ಧ ಹೂತುಹೋಗಿದೆಯೇ? 1884ರಲ್ಲಿ ಗ್ಯಾಸೆಟಿಯರ್ ನೋಡಿದ್ದು ಈಗ ಇಲ್ಲ ಅಂದರೆ, ಇಲ್ಲ ಅನ್ನುವುದನ್ನೂ ದಿನಾಂಕ ಸಹಿತ ಬರೆದಿಡಿ. ಮುಂದೆ ಬರುವವರಿಗೆ ನಿಮ್ಮ ಪ್ರಬಂಧವೇ ಆ ಕಲ್ಲಿನ ಕೊನೆಯ ಸಾಕ್ಷಿ ಆಗಬಹುದು.

ಊರಿಗೆ ಹೋದಾಗ ಯಾರಾದರೂ ಹಿರಿಯರು ಬಂದು ಕೇಳಿಯೇ ಕೇಳುತ್ತಾರೆ: ‘ಏನ್ ಬರದೈತ್ರಿ ಸರ ಇದರಾಗ? ಎಷ್ಟು ವರ್ಷದ್ದು?’ ನೀವು ಹೇಳುವ ಇಸವಿ ಮುಂದಿನ ಜಾತ್ರೆಗೆ ಬೋರ್ಡಿನ ಮೇಲೆ ಬರುತ್ತದೆ. ಸವದತ್ತಿಯಲ್ಲಿ ನಿಂತು ‘875’ ಅಂದುಬಿಟ್ಟರೆ ಸಂತೋಷಪಡುತ್ತಾರೆ. ‘ಕಲ್ಲಿನಾಗ ಹಂಗ ಐತ್ರಿ, ಆದರ ಅಜ್ಜಗೂ ಮೊಮ್ಮಗಗೂ ನೂರಾ ಐದು ವರ್ಷದ ಅಂತರ ಬೀಳತೈತಿ, ಅದಕ್ಕ ಅನುಮಾನ ಐತಿ’ ಅಂದು ನೋಡಿ. ಹಿರಿಯರು ಬೇಸರ ಮಾಡಿಕೊಳ್ಳುವುದಿಲ್ಲ. ತಮ್ಮ ಮನೆಯ ಅಜ್ಜ ಮೊಮ್ಮಕ್ಕಳ ಲೆಕ್ಕ ಹಾಕಿ, ‘ಖರೇ ಐತಲ್ರಿ’ ಅನ್ನುತ್ತಾರೆ. ಆ ಒಂದು ಮಾತು ಹೇಳುವ ಯೋಗ್ಯತೆ ಬರಬೇಕಾದರೆ ಎರಡನೆಯ ಅಧ್ಯಾಯ ಸರಿಯಾಗಿ ಬರೆದಿರಬೇಕು, ಅಷ್ಟೇ.